ಹಾಳಿ ಸರಳ ಓಡಾಕತ್ತೈತಿ

ಈ ಭೂಮಿಯ ಮೇಲೆ ನಮ್ಮ ಕಾಕಾರ ಜೊತೆ ಮಾತಾಡುವುದು ಯಾರಿಂದಲೂ ಸಾಧ್ಯವಿಲ್ಲ. ನೀರಿನೊಳಗಾದರೆ ಆರಾಮವಾಗಿ ಮಾತಾಡಬಹುದು! ನಗಬೇಡಿ. ಇದನ್ನು ಕಂಡುಹಿಡಿಯಲು ನಾನು ದಾಂಡೇಲಿಯಿಂದ ಅಂಡಮಾನದವರೆಗೆ ಹೋಗಿ, ಹೊಟ್ಟೆ ತುಂಬ ಉಪ್ಪುನೀರು ಕುಡಿದು ಬಂದಿದ್ದೇನೆ.

ಕಿವಿ ಮಂದವಾಗುವುದು ನಮ್ಮ ಮನೆತನದ ಬಳುವಳಿ. ನನ್ನ ಸರದಿ ಇನ್ನೂ ಬಂದಿಲ್ಲ, ಅಷ್ಟೇ. ಕಾಕಾರಿಗೆ ಕಿವಿಯ ಮಶಿನ್ನು ಕೊಡಿಸಿದೆವು. ಅದೀಗ ದೇವರ ಜಗಲಿಯ ಮೇಲೆ ಡಬ್ಬಿಯಲ್ಲಿ ಭದ್ರವಾಗಿದೆ. ಆಯುಧಪೂಜೆಯ ಖಂಡೇನವಮಿಯ ದಿನ ಅದಕ್ಕೂ ವಿಭೂತಿ, ಒಂದು ಚೆಂಡು ಹೂವು! ಉಳಿದ ದಿನಗಳಲ್ಲಿ ಯಾರು ಏನು ಕೇಳಿದರೂ ಕಾಕಾರದು ಒಂದೇ ಉತ್ತರ: “ನೋಡೂಣು ತಗೋ.” ಮದುವೆಗೆ ಕರೆಯಲು ಬಂದವರಿಗೂ ಅದೇ, ಹಿತ್ತಲಿಗೆ ಮಂಗ ಬಂದಿದೆ ಎಂದರೂ ಅದೇ. ಡಾಕ್ಟರು ಹೆಸರು ಕೇಳಿದಾಗಲೂ ಅದೇ!

ಇನ್ನು ಅವರ ಕೈ. ಕಾಗದದ ಮಿಲ್ಲಿನಿಂದ ಕಾಕಾ ನಿವೃತ್ತರಾದರು, ಕೈ ಆಗಲಿಲ್ಲ. ಕೂತಲ್ಲಿ ನಿಂತಲ್ಲಿ ಗಾಳಿಯಲ್ಲಿ ಏನೋ ಮಾಡುತ್ತಲೇ ಇರುತ್ತಾರೆ. ಒಮ್ಮೆ ಮನೆಯ ಮುಂದೆ ಹೊರಟಿದ್ದ ಹಳಿಯಾಳದ ಬಸ್ಸು ಇವರ ಕೈ ನೋಡಿ ಗಕ್ಕನೆ ನಿಂತಿತು. ಕಂಡಕ್ಟರ್ ಇಳಿದು ಬಂದು, “ಹತ್ತೂದಿಲ್ಲಂದ್ರ ಕೈ ಯಾಕ ಮಾಡ್ತೀರಿ ಯಜಮಾನ್ರ?” ಎಂದು ರೇಗಿದ.

ಕಾಕಾ ಗಂಭೀರವಾಗಿ ಹೇಳಿದರು: “ನೋಡೂಣು ತಗೋ.”

ನಾವೇನೋ ನಕ್ಕು ಸುಮ್ಮನಾಗುತ್ತಿದ್ದೆವು. ಅವರ ಹೆಂಡತಿ, ನಮ್ಮ ಕಾಕುವಿಗೆ ಹಾಗಾಗುತ್ತದೆಯೇ? ಒಂದು ದಿನ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಅನ್ನಾ ನೀಡ್ಲೇನು ಅಂತ ಒದರಬಹುದೋ ತಮ್ಮಾ. ಮನಸಿನ್ಯಾಗಿಂದು ಹೆಂಗ ಒದರಲಿ?” ಎಂದರು. ನಾಲ್ಕು ವರ್ಷಗಳಿಂದ ಗಂಡ ಹೆಂಡಿರ ನಡುವೆ ನೆಟ್ಟಗೆ ಒಂದು ಮಾತು ನಡೆದಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಸ್ವಲ್ಪ ಬದಲಾವಣೆ ಇರಲಿ ಎಂದು ದೀಪಾವಳಿ ರಜೆಯಲ್ಲಿ ಇಬ್ಬರನ್ನೂ ಅಂಡಮಾನದ ಪುಟ್ಟ ದ್ವೀಪವೊಂದಕ್ಕೆ ಕರೆದೊಯ್ದೆ. ಟೀವಿಯಲ್ಲಿ ಕಂಡ ಬಣ್ಣದ ಮೀನುಗಳು ಕಾಕುವಿನ ತಲೆಯಲ್ಲಿ ಕೂತಿದ್ದವು. “ತಿನ್ನಾಕಲ್ಲಪಾ, ನೋಡಾಕ!” ಎಂದು ವಿಮಾನದಲ್ಲಿ ಪಕ್ಕದವರಿಗೂ ಹೇಳಿಬಿಟ್ಟರು. ದ್ವೀಪದಲ್ಲಿ ಇಳಿದರೆ ದಂಡೆಯ ಮೇಲೆ ದೊಡ್ಡ ಫಲಕ: ಮೊಸಳೆಗಳಿವೆ, ಎಚ್ಚರಿಕೆ!

“ಮೊಸಳಿ ನೋಡಾಕ ನಮ್ಮ ಕಾಳಿ ಹೊಳಿ ಸಾಲದಾಗಿತ್ತೇನು?” ಎಂದರು ಕಾಕಾ. ಆಮೇಲೆ ಇಡೀ ಮಧ್ಯಾಹ್ನ ಮರಳಿನಲ್ಲಿ ಕೂತು, ಶಂಖದ ಚಿಪ್ಪು ಹೊತ್ತ ಏಡಿಯೊಂದು ಹಳೆಯ ಚಿಪ್ಪು ಬಿಟ್ಟು ಹೊಸದಕ್ಕೆ ಸೇರುವುದನ್ನು ನೋಡಿದರು. ಕ್ವಾರ್ಟರ್ಸ್ ಬದಲಿಸಿತು ಎಂಬುದು ಅವರ ವರದಿ.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಮೊಸಳೆಯಿಲ್ಲದ ಕಡೆಗೆ ಹೋಗಿ ಮೀನು ನೋಡುವ ಕಾರ್ಯಕ್ರಮ. ಕಾಕಾರ ಮಿಲ್ಲಿನ ಹಳೆಯ ಖಾಕಿ ಅಂಗಿ, ಪ್ಯಾಂಟು ತೊಟ್ಟು, ಮೇಲೆ ಲೈಫ್ ಜಾಕೆಟ್ ಬಿಗಿದು, ಹಣೆಯ ವಿಭೂತಿಯ ಮೇಲೆ ಗಾಜಿನ ಮುಖವಾಡ ಏರಿಸಿದ ಕಾಕುವನ್ನು ನೀವು ನೋಡಬೇಕಿತ್ತು! ಬಾಯಲ್ಲಿ ಕೊಳವೆ ಕಚ್ಚಿ ಮುಖ ಮುಳುಗಿಸಿದ ಮೇಲೆ ಮಾತಿಲ್ಲ, ಕೈಸನ್ನೆ ಮಾತ್ರ ಎಂದು ಗೈಡ್ ಮೂರು ಸನ್ನೆ ಕಲಿಸಿದ. ನಾನು ಎರಡನ್ನು ಅಲ್ಲೇ ಮರೆತೆ. ಕಾಕಾ ಮೂರನ್ನೂ ಮಾಡಿ ತೋರಿಸಿ, ಮೇಲೆ ತಮ್ಮವೇ ಹತ್ತು ಸೇರಿಸಿದರು! ಮಿಲ್ಲಿನಲ್ಲಿ ಮಶಿನ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು, ಅಲ್ಲಿ ಎಲ್ಲರ ಮಾತೂ ಕೈಯಲ್ಲೇ ಎಂದು ನನಗೆ ಆಗ ಹೊಳೆಯಿತು. ಗೈಡ್ ಬೆರಗಾಗಿ, “ಅಂಕಲ್, ಮೊದಲು ಯಾವ ಸಮುದ್ರದಲ್ಲಿ ಇಳಿದಿದ್ದಿರಿ?” ಎಂದು ಹಿಂದಿಯಲ್ಲಿ ಕೇಳಿದ.

“ನೋಡೂಣು ತಗೋ.”

ನೀರಿಗಿಳಿದ ಎರಡೇ ನಿಮಿಷಕ್ಕೆ ಕಾಕು ಹೆದರಿದರು. ಕೊಳವೆ ಉಗುಳಿ, “ಒಲ್ಲೆ, ನಾ ದಂಡಿಗೆ ಹೋಗ್ತೇನಿ!” ಎಂದು ಕೂಗಿದರು. ಗೈಡ್ ಹೇಳಿದ್ದು, ನಾನು ಹೇಳಿದ್ದು ಯಾವುದೂ ಅವರ ತಲೆಗೆ ಹೋಗಲಿಲ್ಲ. ಆಗ ಕಾಕಾ ತೇಲುತ್ತ ಎದುರಿಗೆ ಬಂದು, ಬಲಗೈಯನ್ನು ಅಗಲವಾಗಿ ಬಿಚ್ಚಿ, ನೀರಿನ ಮೇಲೆ ನಿಧಾನವಾಗಿ ಸರಿಸಿದರು. ಇನ್ನೊಮ್ಮೆ ಸರಿಸಿದರು. ಕಾಕು ಆ ಕೈಯನ್ನೇ ನೋಡಿದರು. ಆಮೇಲೆ ಕೊಳವೆ ಕಚ್ಚಿಕೊಂಡು ಮುಖ ಮುಳುಗಿಸಿದರು.

ಒಂದು ಗಂಟೆ ಅವರಿಬ್ಬರೂ ಮೇಲೆ ನೋಡಲಿಲ್ಲ. ಹಳದಿ ಪಟ್ಟೆಯ ಮೀನಿನ ಹಿಂಡು ಹಾಯ್ದರೆ ಕಾಕಾರ ಬೆರಳು ಕುಣಿಯುತ್ತಿದ್ದವು, ಕಾಕುವಿನವು ಉತ್ತರ ಕೊಡುತ್ತಿದ್ದವು. ಕೆಳಗೆ ದೊಡ್ಡ ಆಮೆಯೊಂದು ನಿಧಾನವಾಗಿ ಸಾಗಿದಾಗ ಕಾಕಾ ಅದನ್ನು ಬಿಟ್ಟು ಕಾಕುವಿನ ಕಡೆ ನೋಡುತ್ತಿದ್ದರು. ನಾನು ಮಾತ್ರ ಉಪ್ಪುನೀರು ಕುಡಿಯುತ್ತಿದ್ದೆ.

ದೋಣಿಯಲ್ಲಿ ಕೂತ ಮೇಲೆ ಕಾಕು ಮುಖ ಒರೆಸಿಕೊಳ್ಳುತ್ತ ಹೇಳಿದರು: “ಮದಿವ್ಯಾದ ಹೊಸದರಾಗ ಊಟದ ಡಬ್ಬಿ ತಗೊಂಡು ಮಿಲ್ಲಿನ ಗೇಟಿಗೆ ಹೋಗ್ತಿದ್ದೆ. ಇವ್ರು ದೂರದಿಂದ ಹಿಂಗ ಕೈ ಮಾಡ್ತಿದ್ರು. ಮಶಿನ್ನಿನ್ಯಾಗ ಕಾಗದದ ಹಾಳಿ ಹರೀಲಾರದ ಸರಳ ಓಡಾಕತ್ತೈತಿ, ಚಿಂತಿ ಮಾಡಬ್ಯಾಡ, ಹೋಗು ಅಂತ. ನಾ ಮರ್ತ ಬಿಟ್ಟಿದ್ದೆ ನೋಡೋ.”

ಕಾಕಾ ಮಾತ್ರ ಮರೆತಿರಲಿಲ್ಲ. ಇಷ್ಟು ವರ್ಷ ನಾವು ಹುಚ್ಚು ಎಂದು ನಕ್ಕ ಆ ಕೈ ಸುಮ್ಮನೆ ಆಡುತ್ತಿರಲಿಲ್ಲ, ನಮ್ಮ ಜೊತೆ ಮಾತಾಡುತ್ತಿತ್ತು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಕಳೆದ ಭಾನುವಾರ ದಾಂಡೇಲಿಗೆ ಹೋಗಿದ್ದೆ. ಎಂದಿನಂತೆ ಒದರಲು ಎದೆ ತುಂಬ ಉಸಿರೆಳೆದುಕೊಂಡೆ. ಕಾಕು, “ಒದರಬ್ಯಾಡೋ” ಎಂದು ತಡೆದು ಅಡುಗೆಮನೆಯಿಂದಲೇ ಬೆರಳಾಡಿಸಿದರು. ಕಾಕಾ ಪಡಸಾಲೆಯಿಂದ ಉತ್ತರಿಸಿದರು. ಇಬ್ಬರೂ ನನ್ನನ್ನು ನೋಡಿ ಗೊಳ್ಳೆಂದು ನಕ್ಕರು. ನನ್ನ ಬಗ್ಗೆ ಏನಂದರೋ ದೇವರೇ ಬಲ್ಲ!

ಸಂಜೆ ಹಳಿಯಾಳದ ಬಸ್ಸು ಹತ್ತಿದೆ. ಮನೆಯ ಮುಂದೆ ಹಾಯುವಾಗ ಕಾಕಾ ಬಾಗಿಲಲ್ಲಿ ನಿಂತಿದ್ದರು. ನಾನು ಕಿಟಕಿಯಿಂದ ಅಂಗೈ ಬಿಚ್ಚಿ ನಿಧಾನವಾಗಿ ಸರಿಸಿದೆ. ಅವರ ಮುಖ ಅರಳಿತು, ಎರಡೂ ಕೈ ಮೇಲೆದ್ದವು. ಬಸ್ಸು ಗಕ್ಕನೆ ನಿಂತಿತು.

“ಯಾರ್ರೀ ಹತ್ತಾವ್ರು?” ಎಂದ ಕಂಡಕ್ಟರ್.

“ಯಾರೂ ಇಲ್ರೀ,” ಎಂದೆ. “ನಮ್ಮ ಕಾಕಾ ಮಾತಾಡಾಕತ್ತಾರ. ಒಂದ ನಿಮಿಷ ನಿಲ್ರಿ.”