ಬೆಳಕು ಕಾಣಬಾರದ ಮರಳು

ನಮ್ಮತ್ತೆಯ ಮನೆಯಲ್ಲಿ ಮರಳಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ! ಸುಳ್ಳಲ್ಲ. ಮುಂಬಯಿಯ ಆಂಟಾಪ್ ಹಿಲ್‌ನ ಆ ಪುಟ್ಟ ಮನೆಯಲ್ಲಿ ಫ್ಯಾನಿನ ಕೆಳಗಿನ ಮಂಚ ಮರಳಿಗೆ, ನೆಲದ ಚಾಪೆ ನಮಗೆ.

ಅತ್ತೆ ಎಂದರೆ ಅಪ್ಪನ ತಂಗಿ, ಭೂವಿಜ್ಞಾನಿ. ಧ್ರುವದ ಕಣಿವೆಗಳಲ್ಲಿ ಹಿಮನದಿಗಳು ಹಿಂದೆ ಸರಿಯುವಾಗ ಕಲ್ಲುಮರಳಿನ ದಿಬ್ಬಗಳನ್ನು ಬಿಟ್ಟುಹೋಗುತ್ತವೆ. ಅವುಗಳ ವಯಸ್ಸು ಕಂಡುಹಿಡಿಯುವುದೇ ಅವಳ ಕಸುಬು. ದಿಬ್ಬದೊಳಗಿನ ಮರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಲ್ಯಾಬಿನಲ್ಲಿ ಅಳೆಯುತ್ತಾರಂತೆ. ಅಲ್ಲಿಯವರೆಗೆ ಚೂರು ಬೆಳಕು ಬಿದ್ದರೂ ಸಾವಿರಾರು ವರ್ಷಗಳ ಲೆಕ್ಕ ಅಳಿಸಿಹೋದಂತೆಯೇ!

ಹೋದ ವರ್ಷ ಅತ್ತೆ ಅಂಥ ಮರಳನ್ನು ಕಪ್ಪು ಕೊಳವೆಗಳಲ್ಲಿ ತುಂಬಿಸಿಕೊಂಡು ಬಂದಿಳಿದದ್ದು ಶನಿವಾರ ಸಂಜೆ. ಲ್ಯಾಬ್ ತೆರೆಯುವುದು ಸೋಮವಾರ. ರಿಟೈರಾಗುವ ಮುಂಚಿನ ಕೊನೆಯ ಪ್ರವಾಸ ಅದು. ಹಾಳಾದರೆ ಮತ್ತೆ ಹೋಗಿ ತರುವಂತಿಲ್ಲ. ಆದರೆ ಫಾರಿನ್‌ನಿಂದ ಬಂದವರ ಬ್ಯಾಗ್ ಬಿಚ್ಚದೆ ನಮ್ಮವರು ಸುಮ್ಮನಿರುತ್ತಾರೆಯೇ? ಭಾನುವಾರ ಬೆಳಿಗ್ಗೆ ಭಾಂಡುಪ್‌ನಿಂದ ನಾವು, ವಿಲೆ ಪಾರ್ಲೆಯಿಂದ ಚಿಕ್ಕಪ್ಪನ ಮನೆಯವರು, ಎಲ್ಲ ಹಾಜರು!

"ಎಂತ ಮಾರಾಯ್ತಿ, ಒಂದು ಚಾಕ್ಲೇಟೂ ಇಲ್ವಾ?" ಎನ್ನುತ್ತ ಚಿಕ್ಕಪ್ಪ ಕೊಳವೆಗೆ ಕೈಹಾಕಿದ.

"ಮುಟ್ಟಿದ್ರೆ ಕೈ ಮುರಿತೇನೆ!" ಅತ್ತೆ ಬ್ಯಾಗಿನ ಮೇಲೇ ಕೂತುಬಿಟ್ಟಳು. ಅಲ್ಲೇ ಚಹಾ, ಅಲ್ಲೇ ಊಟ.

ಮುನಿಸಿಕೊಂಡದ್ದು ಅಜ್ಜಿ, ಅತ್ತೆಯ ಜೊತೆಗೇ ಇರುವ ಅವಳ ಅಮ್ಮ. ಊರಿನ ಮಾತು ಬಿಡದ ಅಜ್ಜಿಗೆ ಮರಳೆಂದರೆ ಹೊಯ್ಗೆ. "ಹೆತ್ತವಳಿಗೂ ತೋರಿಸ್ಲಿಕ್ಕೆ ಆಗದ ಹೊಯ್ಗೆ ಎಂತ ಹೊಯ್ಗೆ? ನಂಗೆ ನಿನ್ನ ಊಟವೂ ಬೇಡ!" ಎಂದು ಗೋಡೆಗೆ ಮುಖಮಾಡಿ ಮಲಗಿದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು! ಇಬ್ಬರಲ್ಲಿ ಯಾರು ಸೋಲುತ್ತಾರೆ ಹೇಳಿ?

ಮಧ್ಯಾಹ್ನ ದಾಟುವಷ್ಟರಲ್ಲಿ ಅತ್ತೆ ಎದ್ದಳು. ಮುಂಬಯಿಯಲ್ಲಿ ಕತ್ತಲೆಗೆ ಬರಗಾಲವಲ್ಲವೇ? ಬಚ್ಚಲಿನ ಕಿಟಕಿಗೆ ಕಂಬಳಿ ಬಡಿದಳು, ಗೀಸರಿನ ದೀಪಕ್ಕೆ ಟೇಪು ಸುತ್ತಿದಳು, ಬಾಗಿಲ ಸಂದಿಗೆ ಟವೆಲ್ ಒತ್ತಿ ಹಿಡಿಯಲು ನನ್ನನ್ನು ಹೊರಗೆ ಕೂರಿಸಿದಳು. ಆಮೇಲೆ ಒಂದು ಕೊಳವೆ ಎತ್ತಿಕೊಂಡು, ಅಜ್ಜಿಯ ಕೈಹಿಡಿದು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಕೊಳವೆಯ ಮುಚ್ಚಳ ಬಿಚ್ಚಿದ ಸದ್ದು ಕೇಳಿಸಿತು.

"ಎಂತದೂ ಕಾಣುದಿಲ್ಲ!" ಅಜ್ಜಿಯ ದನಿ.

"ಕಾಣ್ಬಾರ್ದಮ್ಮ. ಕೈ ಒಡ್ಡು. ತುದಿಯದ್ದು ಹೇಗೂ ಲೆಕ್ಕಕ್ಕಿಲ್ಲ, ತುಂಬಿಸುವಾಗ್ಲೇ ಅದಕ್ಕೆ ಬೆಳಕು ತಾಗಿದೆ."

ಅಂಗೈಯಲ್ಲಿ ಮರಳು ಉಜ್ಜುವ ಸರಸರ ಕೇಳಿಸಿತು. ಈಗ ಅಜ್ಜಿ ಅದರ ವಯಸ್ಸು ಕೇಳುತ್ತಾಳೆ, ಅತ್ತೆಯ ಭಾಷಣ ಶುರುವಾಗುತ್ತದೆ, ನನ್ನ ಬೆನ್ನು ಬಿದ್ದುಹೋಗುತ್ತದೆ ಎಂದುಕೊಂಡೆ.

"ನಮ್ಮ ಕಡಲ ಹೊಯ್ಗೆಗಿಂತ ಒರಟುಂಟು," ಎಂದಳು ಅಜ್ಜಿ. ಆಮೇಲೆ ಮೆಲ್ಲಗೆ, "ಇದನ್ನು ತೆಗೆಯುವಾಗ ನಿಂಗೆ ತುಂಬ ಚಳಿ ಆಯ್ತಾ ಮಗಾ?"

ಅಷ್ಟು ಜನ ಬಂದಿದ್ದೆವಲ್ಲ, ಒಬ್ಬರಾದರೂ ಇದನ್ನು ಕೇಳಿದ್ದೆವೇ!

"ತುಂಬ ಆಯ್ತಮ್ಮ," ಎಂದಳು ಅತ್ತೆ. ಅವಳು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಣ್ಣೂ ತುಂಬಿತು. ಟವೆಲನ್ನು ಇನ್ನಷ್ಟು ಒತ್ತಿ ಹಿಡಿದೆ.