ಸ್ವಲ್ಪ ಸದ್ದು ಮಾಡುವ ಪ್ರಿಂಟರ್

ಜೀವನದ ದೊಡ್ಡ ನಿರ್ಧಾರಗಳನ್ನೆಲ್ಲ ನಾನು ಹೆಚ್ಚು ಯೋಚಿಸದೆ ತೆಗೆದುಕೊಂಡವನು. ಹೆಣ್ಣು ನೋಡಲು ಹೋದಾಗ ಕೊಟ್ಟ ಉಪ್ಪಿಟ್ಟು ಮುಗಿಯುವುದರೊಳಗೆ ಮದುವೆಗೆ ಒಪ್ಪಿಬಿಟ್ಟಿದ್ದೆ. ಪಾಳ್ಯದ ಗದ್ದೆಯನ್ನು ತಮ್ಮನಿಗೆ ಬಿಟ್ಟು ಈ ಕೆಲಸಕ್ಕೆ ಸೇರಿದ್ದೂ ಅಷ್ಟೇ, ಬಸ್ಸು ತಡವಾದ ಒಂದು ಬೆಳಗ್ಗೆ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಮಾಡಿದ ತೀರ್ಮಾನ. ಆದರೆ ಒಂದು ಕೊಡೆ ಕೊಳ್ಳಬೇಕೆಂದರೆ ಮಾತ್ರ ನನಗೆ ಇಡೀ ಮಳೆಗಾಲ ಬೇಕು. ಅಂಗಡಿಯಿಂದ ಅಂಗಡಿಗೆ ಹತ್ತಿಳಿದು, ಕಡ್ಡಿಗಳನ್ನು ಎಳೆದು ನೋಡಿ, ಬಿಚ್ಚಿ ಮುಚ್ಚಿ, ಇನ್ನೊಂದು ಕಡೆ ವಿಚಾರಿಸೋಣ ಎಂದುಕೊಂಡು ಕೊನೆಗೆ ನೆನೆದುಕೊಂಡೇ ಮನೆಗೆ ಬರುತ್ತೇನೆ. ಟವೆಲ್ಲು ಕೊಡುತ್ತಾ ಹೆಂಡತಿ, "ನನ್ನ ನೋಡಕ್ಕೆ ಬಂದಾಗ ಈ ಬುದ್ಧಿ ಎಲ್ಲೋಗಿತ್ತು ಕಣ್ರೀ?" ಎನ್ನುತ್ತಾಳೆ. ಅದು ಹೊಗಳಿಕೆಯೋ ಬೈಗುಳವೋ ಎಂಬುದನ್ನೂ ನಾನಿನ್ನೂ ತೀರ್ಮಾನಿಸಿಲ್ಲ. ಅಂಥವನ ಕೊರಳಿಗೆ ಕಳೆದ ಮಳೆಗಾಲದಲ್ಲಿ ಒಂದು ಕೆಲಸ ಬಿತ್ತು. ಆಫೀಸಿಗೆ ಕಡಿಮೆ ಖರ್ಚಿನ, ಬಾಳಿಕೆ ಬರುವ ಹೊಸ ಪ್ರಿಂಟರ್ ಆರಿಸುವ ಕೆಲಸ.

ಆಫೀಸೆಂದರೆ ದೊಡ್ಡದೇನಲ್ಲ. ವನಗೂರಿನ ಕಡೆಗೆ ಜೀಪುಗಳು ಏದುಸಿರು ಬಿಡುತ್ತಾ ಏರುವ ರಸ್ತೆಯ ಒಂದು ತಿರುವಿನಲ್ಲಿ, ಶೀಟಿನ ಮಾಡಿನ ಎರಡು ಕೋಣೆ. ಕಾಫಿ, ಏಲಕ್ಕಿ ಬೆಳೆಯುವ ಸಣ್ಣ ಬೆಳೆಗಾರರ ಸಂಘ ನಮ್ಮದು. ಗೊಬ್ಬರ, ಔಷಧಿ ತರಿಸಿ ಹಂಚುತ್ತೇವೆ. ನಾನು ಕಾರ್ಯದರ್ಶಿ. ಕಂಪ್ಯೂಟರ್ ಕೆಲಸಕ್ಕೆ ಸರೋಜ ಎಂಬ ಚುರುಕು ಹೆಣ್ಣುಮಗಳಿದ್ದಾಳೆ. ಕೌಂಟರಿನಲ್ಲಿ ಕೂತು ಬಿಲ್ಲು ಹಾಕುವವರು ನಂಜುಂಡಪ್ಪನವರು. ಕುಂದೂರಿನ ಕಡೆಯವರು, ನನಗಿಂತ ಹಿರಿಯರು. ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಹೆಂಡತಿ ತೀರಿಕೊಂಡ ಮೇಲೆ ಸಂಘದ ಹಿಂದಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಬೆಳಗ್ಗೆ ಬೀಗ ತೆಗೆಯುವವರೂ ಅವರೇ, ಸಂಜೆ ಹಾಕುವವರೂ ಅವರೇ. ನಡುವೆ ನಾವು ಹೋಗಿ ಬರುತ್ತೇವೆ, ಅಷ್ಟೇ.

ನಮ್ಮ ಹಳೆಯ ಪ್ರಿಂಟರ್ ಸೂಜಿಯಲ್ಲಿ ಚುಚ್ಚಿ ಚುಚ್ಚಿ ಬರೆಯುವ ಜಾತಿಯದು. ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ ಅದರ ಆಹಾರ. ಒಂದು ಬಿಲ್ಲು ಹೊಡೆಯಲು ಶುರುಮಾಡಿದರೆ ಎದುರಿನ ಹೋಟೆಲಿನವರಿಗೂ ಗೊತ್ತಾಗುತ್ತಿತ್ತು. ಮೇಜು ನಡುಗಿ, ಮೇಲಿದ್ದ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ವಯಸ್ಸಾಗಿ ಅದರ ಸೂಜಿಗಳು ಒಂದೊಂದಾಗಿ ಮುರಿದು, ಎಲ್ಲ ಸಾಲುಗಳ ನಡುವೆ ಒಂದು ಬಿಳಿ ಗೆರೆ ಎಳೆದುಕೊಳ್ಳತೊಡಗಿತು. ಸದಸ್ಯರ ಹೆಸರುಗಳನ್ನೆಲ್ಲ ಹೊಡೆದುಹಾಕಿದಂತೆ ಕಾಣುತ್ತಿತ್ತು. "ನಾನ್ ಬದ್ಕಿರಂಗೇ ನನ್ನ ಹೆಸರ್ ಹೊಡದ್ಬುಟ್ಟಿದ್ದೀರಲ್ಲ" ಎಂದು ಒಬ್ಬ ಹಿರಿಯ ಬೆಳೆಗಾರರು ನೊಂದುಕೊಂಡ ಮೇಲೆ ಅಧ್ಯಕ್ಷರು ಜೀಪಿನಲ್ಲಿ ಬಂದಿಳಿದರು. ನಮ್ಮ ಅಧ್ಯಕ್ಷರು ಏಲಕ್ಕಿ ತೋಟದವರು, ಗಂಟಲು ದೊಡ್ಡದು. "ಸೆಕ್ರೆಟ್ರಿಗಳೇ, ಅದ್ನ ತಗ್ದು ಅತ್ಲಾಗಿಡಿ. ಕಡ್ಮೆ ಖರ್ಚಲ್ಲಿ ಒಳ್ಳೇದೊಂದು ನೋಡಿ ಮಾರಾಯ್ರೆ" ಎಂದು ಶೀಟು ಅದುರುವಂತೆ ಹೇಳಿ ಹೋದರು. ನಂಜುಂಡಪ್ಪನವರು ಮಾತ್ರ, "ಇನ್ನೊಂದ್ ವರ್ಷ ಎಳೀಬೋದಿತ್ತು ಸಾರ್" ಎಂದರು. ಹಳೆಯದನ್ನು ಬಿಡಲಾರದ ಹಿರಿಯರ ಮೋಹ ಇದು ಎಂದುಕೊಂಡು ನಾನು ಕೊಂಚ ಮರುಗಿದೆ, ಕೊಂಚ ನಕ್ಕೆ.

ಆಮೇಲೆ ಶುರುವಾಯಿತು ನನ್ನ ಸಂಶೋಧನೆ. ಮೊಬೈಲಿನಲ್ಲಿ ಒಂದು ಸಲ ಪ್ರಿಂಟರ್ ಎಂದು ಹುಡುಕಿದ್ದೇ ತಪ್ಪಾಯಿತು. ಬೆಳಗ್ಗೆ ಪಂಚಾಂಗ ನೋಡಲು ತೆರೆದರೂ ಅದರಲ್ಲಿ ಪ್ರಿಂಟರೇ ಬರತೊಡಗಿತು. ನೋಡುತ್ತಾ ನೋಡುತ್ತಾ ನನಗೊಂದು ಸತ್ಯ ಹೊಳೆಯಿತು. ಕೆಲವು ಪ್ರಿಂಟರುಗಳನ್ನು ಪುಕ್ಕಟೆ ಎನ್ನುವಷ್ಟು ಅಗ್ಗವಾಗಿ ಕೊಡುತ್ತಾರೆ, ಆಮೇಲೆ ಅದರ ಇಂಕಿನ ಡಬ್ಬಿಗೆ ಜೀವನಪೂರ್ತಿ ಕೈ ಬಿಚ್ಚಬೇಕು. ಹಸುವನ್ನು ಅಗ್ಗಕ್ಕೆ ಕೊಟ್ಟು ಹಿಂಡಿಯನ್ನು ದುಬಾರಿಗೆ ಮಾರುವ ವ್ಯಾಪಾರ. ಪುಡಿಯಲ್ಲಿ ಅಚ್ಚು ಹಾಕುವ ಲೇಸರ್ ಒಂದು ಬಗೆ, ಬಾಟಲಿಯಿಂದ ಇಂಕು ಸುರಿಯುವ ಟ್ಯಾಂಕಿನದು ಇನ್ನೊಂದು ಬಗೆ. ಊಟದ ಹೊತ್ತಿನಲ್ಲೂ ನಾನು ಇದೇ ಮಾತಾಡಿದಾಗ ಹೆಂಡತಿ ಸಾರು ಬಡಿಸುವ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ, "ಒಂದ್ ಪುಟಕ್ಕೆ ಎಷ್ಟಾಯ್ತದೆ ಅಂತ ಇನ್ನೊಂದ್ಸಲ ಅಂದ್ರೆ ಬರೀ ಅನ್ನ ಉಣ್ಣಿ" ಎಂದಳು.

ಸಕಲೇಶಪುರದ ಅಂಗಡಿಯವನು ನನ್ನ ಕಾಟ ತಡೆಯಲಾರದೆ, "ಒಂದ್ ವಾರ ಇಟ್ಕೊಂಡ್ ನೋಡಿ ಸಾರ್" ಎಂದು ಒಂದು ಲೇಸರ್ ಪ್ರಿಂಟರನ್ನೇ ಕೊಟ್ಟು ಕಳಿಸಿದ. ನಮ್ಮಲ್ಲಿ ಪ್ರಿಂಟರಿಗಿಂತ ಕಾಗದದ್ದು ಕಷ್ಟ. ಜೂನ್ ಬಂತೆಂದರೆ ಹಾಳೆಗಳು ತೇವ ಕುಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಕಾಗದದ ಕಟ್ಟುಗಳನ್ನು ಅಧ್ಯಕ್ಷರ ಏಲಕ್ಕಿ ಒಣಗಿಸುವ ಮನೆಯಲ್ಲಿ ಇಟ್ಟು, ಬೇಕಾದಷ್ಟು ತಂದು ಬಳಸುವುದು ನಮ್ಮ ಪದ್ಧತಿ. ನಮ್ಮ ಸಂಘದ ಪತ್ರಗಳನ್ನು ಪೇಟೆಯ ಆಫೀಸುಗಳಲ್ಲಿ ಮೊದಲು ಮೂಸಿ ಆಮೇಲೆ ಓದುತ್ತಾರೆ. ಒಂದು ಪತ್ರಕ್ಕಂತೂ ಉತ್ತರ ಬರಲೇ ಇಲ್ಲ. ವಿಚಾರಿಸಲು ಹೋದರೆ ಅಲ್ಲಿಯ ಗುಮಾಸ್ತೆ ಅದನ್ನು ಘಮಕ್ಕೆಂದು ಕೈಚೀಲದಲ್ಲಿ ಇಟ್ಟುಕೊಂಡುಬಿಟ್ಟಿದ್ದರು.

ಲೇಸರ್ ಬಂದ ದಿನ ನಾವು ಬೆರಗಾದೆವು. ಸದ್ದೇ ಇಲ್ಲ. ಒಂದು ನಿಟ್ಟುಸಿರು ಬಿಟ್ಟಂತೆ ಮಾಡಿ ಹಾಳೆಯನ್ನು ಹೊರಗೆ ಜಾರಿಸುತ್ತಿತ್ತು. ಹಾಳೆ ಬೆಚ್ಚಗಿರುತ್ತಿತ್ತು. ಸರೋಜ ಅದನ್ನು ಕೆನ್ನೆಗೆ ಒತ್ತಿಕೊಂಡು, "ಸಾರ್, ಚಳಿಗಾಲಕ್ಕೂ ಆಯ್ತು" ಎಂದಳು. ಇದೇ ಸರಿ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸುವಷ್ಟರಲ್ಲಿ ನಂಜುಂಡಪ್ಪನವರ ಸರದಿ ಬಂತು. ಅವರ ಕುರ್ಚಿ ಕೌಂಟರಿನ ಕಡೆಗೆ, ಹೊಸ ಪ್ರಿಂಟರ್ ಹಳೆಯದರಂತೆ ಅವರ ಮೇಜಿನ ಮೇಲಲ್ಲ, ಬೆನ್ನಿನ ಹಿಂದೆ. ಬಿಲ್ಲಿಗೆ ಕಮಾಂಡ್ ಕೊಟ್ಟರು. ಕಾದರು. ಮತ್ತೆ ಕೊಟ್ಟರು. ಕೌಂಟರಿನಾಚೆಯ ಬೆಳೆಗಾರನಿಗೆ, "ತಡೀರಿ, ಹೊಸದು, ಇನ್ನೂ ಪಳಗಿಲ್ಲ" ಎಂದು ಇನ್ನೊಮ್ಮೆ ಒತ್ತಿದರು. ಅವರ ಬೆನ್ನ ಹಿಂದೆ ಅದೇ ಬಿಲ್ಲು ಒಂದರ ಮೇಲೊಂದು ಬೀಳುತ್ತಲೇ ಇತ್ತು. ಹಾಳೆಗಳು ನೆಲಕ್ಕೆ ಚೆಲ್ಲಿದಾಗ ಬೆಳೆಗಾರ ನಕ್ಕ, "ಒಂದ್ ಮೂಟೆ ಗೊಬ್ಬರಕ್ಕೆ ಒಂದ್ ಮೂಟೆ ಬಿಲ್ಲಾ?" ಎಂದ. ನಾನೂ ನಕ್ಕೆ. ಸರೋಜ ಮಾತ್ರ ನಗದೆ ಬೇಗ ಬೇಗ ಹಾಳೆಗಳನ್ನು ಆಯ್ದುಕೊಂಡಳು. ನಂಜುಂಡಪ್ಪನವರು ತಿರುಗಿ ನೋಡಿ, ಎದ್ದು ಬಂದು ಆ ಪ್ರಿಂಟರಿನ ಮೇಲೆ ಅಂಗೈ ಊರಿ ನಿಂತರು. ಅವರ ಮುಖ ಸಪ್ಪಗಾಗಿತ್ತು. ಆಗ ನನ್ನ ನಗು ನಿಂತಿತು.

ಸಂಜೆ ಸರೋಜ ಹೋದ ಮೇಲೆ ಅವರೇ ಬಾಗಿಲ ಬಳಿ ನನ್ನನ್ನು ತಡೆದರು. "ಸಾರ್, ಒಂದ್ ಮಾತು. ನಂಗೆ ಕಿವಿ ಹೋಗ್ಬುಟ್ಟೈತೆ" ಎಂದರು. ಹೇಳುವುದನ್ನು ಮನಸ್ಸಿನಲ್ಲೇ ಉರು ಹೊಡೆದುಕೊಂಡು ಬಂದವರಂತೆ ಒಂದೇ ಉಸಿರಿಗೆ ಹೇಳಿದರು. ಜನರ ತುಟಿ ನೋಡಿ ಮಾತು ಹಿಡಿಯುತ್ತಾರಂತೆ. ಹಳೆಯ ಪ್ರಿಂಟರ್ ಶುರುವಾದರೆ ಮೇಜು ನಡುಗಿ ಮೊಣಕೈಗೆ ಗೊತ್ತಾಗುತ್ತಿತ್ತಂತೆ, ಸದ್ದೂ ಒಂದಿಷ್ಟು ಒಳಗೆ ಇಳಿಯುತ್ತಿತ್ತಂತೆ. ಕಿವಿಗೆ ಹಾಕುವ ಮೆಷಿನ್ ಇಲ್ಲವೇ ಎಂದು ನಾನು ಕಿವಿ ಮುಟ್ಟಿ ಕೇಳಿದೆ. ಜೇಬಿನಿಂದ ತೆಗೆದು ತೋರಿಸಿದರು. "ಐತೆ ಸಾರ್. ಈ ಶೀಟಿನ್ ಕೆಳಗೆ ಹಾಕ್ಕೊಂಡ್ರೆ ಮಳೆ ಒಂದೇ ಕೇಳ್ಸೋದು. ತಲೆ ಒಳಗೇ ಹುಯ್ದಂಗಾಯ್ತದೆ." ಹಾಗಾದರೆ ಅಧ್ಯಕ್ಷರಿಗೆ ಹೇಳೋಣ, ಏನಾದರೂ ಅನುಕೂಲ ಮಾಡುತ್ತಾರೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬ್ಯಾಡಿ ಸಾರ್. ನಮ್ ವಾಚ್‌ಮನ್‌ಗೆ ಮಂಡಿ ನೋವು ಅಂದಿದ್ಕೆ ಏನ್ ಮಾಡುದ್ರು? ಸಭೆ ಕರ್ದು ಶಾಲು ಹೊದ್ಸಿ, ಹಣ್ಣಿನ ಬುಟ್ಟಿ ಕೊಟ್ಟು, ಆರಾಮಾಗಿರಿ ಅಂತ ಮನೇಗ್ ಕಳ್ಸುದ್ರು. ಒಳ್ಳೆ ಮನಸಿಂದ್ಲೇ ಕಳ್ಸುದ್ರು. ನಾನು ರೂಮಲ್ಲಿ ಕೂತ್ರೆ ಯಾರ್ ಬತ್ತಾರೆ? ಇಲ್ಲಿ ಕೇಳ್ದೆ ಇದ್ರೂ ದಿನಾ ನಾಕ್ ಜನ ಮಾತಾಡುಸ್ತಾರೆ. ನಂಗೆ ಶಾಲು ಬ್ಯಾಡ ಸಾರ್."

ನಾನು ನಿಧಾನವಾಗಿ, "ಈ ಪ್ರಿಂಟರ್ ನಮಗೆ ಹೊಂದೋದಿಲ್ಲ" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ತಲೆಯಾಡಿಸಿ ಬೀಗ ಹಾಕಿದರು. ಮನೆಗೆ ನಡೆಯುತ್ತಾ ನಾನು ಆ ಮನುಷ್ಯನ ಮಾನವನ್ನು ಕಾಪಾಡುವ ಹೊಣೆ ಹೊತ್ತವನಂತೆ ಎದೆ ಸೆಟೆಸಿಕೊಂಡಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಇಡೀ ಊರಿನಲ್ಲಿ ಈ ಗುಟ್ಟು ಗೊತ್ತಿರುವವನು ನಾನೊಬ್ಬನೇ ಎಂಬ ಭಾವನೆ ಬೆಚ್ಚಗಿತ್ತು.

ಮಾರನೆಯ ದಿನ ಲೇಸರನ್ನು ಹೊತ್ತುಕೊಂಡು ಸಕಲೇಶಪುರಕ್ಕೆ ಹೋದೆ. "ಏನ್ ತೊಂದ್ರೆ ಸಾರ್?" ಎಂದ ಅಂಗಡಿಯವನು. "ಸದ್ದು ಮಾಡಲ್ಲ" ಎಂದೆ. ಅವನು ಅದನ್ನು ಹೊಗಳಿಕೆ ಎಂದುಕೊಂಡು ಹೆಮ್ಮೆಯಿಂದ ನಕ್ಕ. ಸ್ವಲ್ಪ ಸದ್ದು ಮಾಡುವ ಪ್ರಿಂಟರ್ ಇದೆಯೇ ಎಂದು ಕೇಳಿದಾಗ ಅವನ ನಗು ನಿಧಾನವಾಗಿ ಇಳಿಯಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಕೇಳದ್ದಂತೆ. ಕಾರಣ ಹೇಳುವಂತಿಲ್ಲವಲ್ಲ. "ಆಫೀಸಲ್ಲಿ ಕೆಲಸ ನಡೀತಿದೆ ಅಂತ ಸದಸ್ಯರಿಗೆ ಗೊತ್ತಾಗಬೇಕಪ್ಪ" ಎಂದುಬಿಟ್ಟೆ. ಅವನು ಒಂದೊಂದನ್ನೇ ಚಾಲೂ ಮಾಡಿದ. ನಾನು ಪ್ರತಿಯೊಂದು ಮೇಜಿನ ಮೇಲೂ ಮೊಣಕೈ ಊರಿ, ಕಣ್ಣು ಮುಚ್ಚಿ ನಿಂತೆ. ಅಂಗಡಿಗೆ ಬಂದಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ದೂರ ಸರಿದಳು. ಕೊನೆಗೆ ಮೂಲೆಯಲ್ಲಿದ್ದ ಇಂಕ್ ಟ್ಯಾಂಕಿನ ಪ್ರಿಂಟರ್ ಒಂದು, ಶುರುವಾಗುವ ಮೊದಲು ಗೊರ್ ಎಂದು ಗಂಟಲು ಸರಿಮಾಡಿಕೊಂಡು, ಅತ್ತಿಂದಿತ್ತ ತೂಗಿ, ಮೇಜನ್ನು ಚೆನ್ನಾಗಿ ಅಲ್ಲಾಡಿಸಿತು. "ಇದು ಸ್ವಲ್ಪ ಹಳೇ ಮಾಡೆಲ್ ಸಾರ್, ಅದ್ಕೇ ಯಾರೂ ತಗೊಳಲ್ಲ" ಎಂದ. ಇದನ್ನೇ ಕೊಡು ಎಂದೆ. ಜೀವಮಾನದಲ್ಲಿ ಒಂದು ವಸ್ತುವನ್ನು ನಾನು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಸಮಿತಿಯ ಸಭೆಯಲ್ಲಿ ಒಂದು ತಕರಾರು ಬಂತು. ಟ್ಯಾಂಕಿನ ಇಂಕು ಬಳಸದೆ ಬಿಟ್ಟರೆ ಒಣಗಿ ಹೋಗುತ್ತದಂತೆ ಎಂದು ಯಾರೋ ಓದಿಕೊಂಡು ಬಂದಿದ್ದರು. ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಅಧ್ಯಕ್ಷರೇ, "ನಮ್ಮೂರಲ್ಲಿ ಚಡ್ಡಿ ಒಣಗಲ್ಲ ಮಾರಾಯ, ಇಂಕು ಒಣಗ್ತದಾ?" ಎಂದು ಗುಡುಗಿದರು. ಸಭೆ ಅಲ್ಲಿಗೆ ಮುಗಿಯಿತು.

ಹೊಸ ಪ್ರಿಂಟರ್ ನಂಜುಂಡಪ್ಪನವರ ಮೇಜಿನ ಮೇಲೆಯೇ ಕೂತಿತು. ಮೊದಲ ಬಿಲ್ಲಿಗೆ ಕಮಾಂಡ್ ಕೊಟ್ಟು, ಮೊಣಕೈ ಮೇಜಿಗೆ ಆನಿಸಿ ಕಾದರು. ಗೊರ್ ಎಂದಿತು. ಅವರ ಮುಖದಲ್ಲಿ ಒಂದು ಬೆಳಕು ಬಂತು. ನೋಡಿ ನನಗೆ ಕಣ್ಣು ತೇವವಾಯಿತು. ಸರೋಜಳಿಗೆ ಗೊತ್ತಾಗಬಾರದೆಂದು ಕಿಟಕಿಯ ಕಡೆ ತಿರುಗಿ ಕಾಫಿ ಗಿಡಗಳನ್ನು ನೋಡುತ್ತಾ ನಿಂತೆ.

ಮುಂದಿನ ವಾರ ವಾರ್ಷಿಕ ಸಭೆಯ ನೋಟೀಸು ನನ್ನ ಸಹಿಗೆ ಬಂತು. ಒಂದು ಹಾಳೆಯಲ್ಲಿ ಮುಗಿಯಬೇಕಾದದ್ದು ಎರಡು ಹಾಳೆಗೆ ಹರಡಿತ್ತು. ಅಕ್ಷರಗಳು ಒಂದೊಂದೂ ಕಾಫಿ ಹಣ್ಣಿನಷ್ಟು ದಪ್ಪ. ನನ್ನೊಳಗಿನ ಮಿತವ್ಯಯಿ ಕೆರಳಿದ. ಒಂದೊಂದು ಪುಟಕ್ಕೆ ಲೆಕ್ಕ ಹಾಕಿ ನಾನು ಇಷ್ಟೆಲ್ಲ ಒದ್ದಾಡಿರುವಾಗ ಇದೇನು ದುಂದು ಎಂದು ಸರೋಜಳನ್ನು ಕೇಳಿದೆ. ಅವಳು ಸೆರಗಿನ ತುದಿ ತಿರುವುತ್ತಾ ನಿಂತಳು. "ನಂಜುಂಡಪ್ಪನೋರು ಹೇಳಿದ್ರು ಸಾರ್" ಎಂದಳು. ಏಕೆ? "ನೀವು ಪೇಪರ್ ಕೈಗ್ ಬಂದ್ರೆ ಬಾಗ್ಲಾಚೆ ಬೆಳಕಿಗೆ ಹೋಗಿ ದೂರ ಹಿಡ್ಕೊಂಡ್ ಓದ್ತೀರಂತೆ. ಬಿಲ್ಲಲ್ಲಿ ಎರಡ್ಸಲ ಬೇರೆಯೋರ್ ಜಾಗಕ್ಕೆ ಸೈನ್ ಹಾಕ್ಬುಟ್ಟಿದ್ರಂತೆ, ಅವ್ರೇ ಸರಿಮಾಡಿದ್ರಂತೆ. ಹಳೇ ಪ್ರಿಂಟ್ರಲ್ಲಿ ಅಕ್ಷರ ದಪ್ಪ ಮಾಡಕ್ ಆಗ್ತಿರಲಿಲ್ಲ. ಇದ್ರಲ್ಲಿ ಆಯ್ತದೆ, ಮಾಡವ್ವ, ಆದ್ರೆ ಸೆಕ್ರೆಟ್ರಿಗೆ ಹೇಳ್ಬೇಡ, ಬೇಜಾರ್ ಮಾಡ್ಕೊತಾರೆ ಅಂದಿದ್ರು." ಮತ್ತೆ, "ಅವ್ರ ಕಿವಿ ವಿಷ್ಯ ನಮ್ಗೆಲ್ಲ ಗೊತ್ತು ಅಂತ್ಲೂ ಅವ್ರಿಗೆ ಹೇಳ್ಬೇಡಿ ಸಾರ್. ನಾವೆಲ್ಲ ಜೋರಾಗ್ ಮಾತಾಡದು ಮಳೆಗೆ ಅಂತ ಅವ್ರು ತಿಳ್ಕಂಡವ್ರೆ" ಎಂದಳು.

ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ನೋಟೀಸಿಗೆ ಸಹಿ ಹಾಕಿದೆ, ನನ್ನದೇ ಜಾಗದಲ್ಲಿ. ಎರಡು ದಿನ ಕಳೆದು ಅಧ್ಯಕ್ಷರ ಫೋನ್ ಬಂತು. "ನೋಟೀಸ್ ಬಂತು ಕಣ್ರೀ. ಎರಡ್ ಹಾಳೆ ಆಗೈತೆ" ಎಂದರು. ಮಳೆಗಾಲ, ಕಾಗದ ತೇವ, ಹೊಸ ಮೆಷಿನ್ ಎಂದು ನಾನು ಏನೇನೋ ಪೋಣಿಸತೊಡಗಿದೆ. ಅವರು ಮಧ್ಯದಲ್ಲೇ ತಡೆದು, ನಾನು ಎಂದೂ ಕೇಳದಷ್ಟು ಮೆತ್ತನೆಯ ದನಿಯಲ್ಲಿ, "ಇರ್ಲಿ ಬಿಡಿ ಮಾರಾಯ್ರೆ. ಅವ್ರಿಗೆ ಸದ್ದು ಕೇಳ್ಸುತ್ತೆ, ನಿಮ್ಗೆ ಅಕ್ಷರ ಕಾಣ್ಸುತ್ತೆ. ಆಫೀಸಿಗೆ ಇನ್ನೇನ್ ಬೇಕು?" ಎಂದರು. "ಹೌದು ಸಾರ್" ಎಂದೆ. ಜೋರಾಗಿಯೇ ಅಂದಿರಬೇಕು, ಬಿಲ್ಲು ಹಾಕುತ್ತಿದ್ದ ನಂಜುಂಡಪ್ಪನವರು ತಲೆಯೆತ್ತಿ ನನ್ನನ್ನು ನೋಡಿ ನಕ್ಕರು.