ಮುರುಗೇಂದ್ರಯ್ಯನವರ ಮನೆ ಮಸುಕಾದ ಮಹಾಪ್ರಸಂಗ

ಕಲಿಯುಗವು ತನ್ನ ಐದು ಸಾವಿರ ಚಿಲ್ಲರೆ ವರ್ಷಗಳನ್ನು ಹೇಗೋ ನೂಕಿ, ದೇವತೆಗಳು ಮೇಲಿನಿಂದ ಇಣುಕುವುದನ್ನು ಬಿಟ್ಟು ಆ ಹೊಣೆಯನ್ನು ನೆತ್ತಿಯ ಮೇಲೆ ಕ್ಯಾಮೆರಾ ಹೊತ್ತ ಕಾರುಗಳಿಗೆ ವಹಿಸಿಕೊಟ್ಟ ಪುಣ್ಯಕಾಲದಲ್ಲಿ, ದಾವಣಗೆರೆಯೆಂಬ ಬೆಣ್ಣೆದೋಸೆಪರಿಮಳಪೂರಿತ ಮಹಾನಗರದ ಹೊಂಡದ ಬಡಾವಣೆಯ ಮೂರನೆಯ ಅಡ್ಡರಸ್ತೆಯಲ್ಲಿ, ಸಕಲಕಡತವಿಲೇವಾರಿಧುರಂಧರ, ಷರಾಭಯಂಕರ, ಮೊಹರುಮಾರ್ತಾಂಡ, ನಿವೃತ್ತ ಹೆಡ್ ಕ್ಲರ್ಕ್ ಮುರುಗೇಂದ್ರಯ್ಯನವರು ವಾಸವಾಗಿದ್ದರು. ತಾಯಿ ಸರಸ್ವತಿ, ನಿನಗೆ ಬೇರೆ ದೊಡ್ಡ ಕೆಲಸಗಳಿರುವುದು ಗೊತ್ತು. ಆದರೂ ಒಂದು ಗಳಿಗೆ ಈ ನಾಲಿಗೆಯ ಮೇಲೆ ಕುಳಿತುಕೋ. ಹೇಳಬೇಕಾಗಿರುವುದು ಒಂದು ಕೀಲಿಕೈಯ ಕಥೆ. ನಿನ್ನ ಸಹಾಯವಿಲ್ಲದಿದ್ದರೆ ಎರಡು ಸಾಲಿಗೆ ಮುಗಿದುಹೋಗುತ್ತದೆ.

ಒಂದು ಬೆಳಿಗ್ಗೆ ಎದುರುಮನೆಯ ಹಾಲೇಶಪ್ಪ, ಪರಗೃಹವೃತ್ತಾಂತವಿಶಾರದ, ಫೋನು ಹಿಡಿದುಕೊಂಡು ಗೇಟಿನ ಬಳಿ ಅವತರಿಸಿದ.

“ಸ್ವಾಮೇರ, ಇಲ್ಲಿ ನೋಡ್ರಿ. ಇಂಟರ್‌ನೆಟ್ಟಿನಾಗೆ ನಮ್ಮ ರೋಡು ಹಾಕ್ಯಾರ. ಇದು ನಿಮ್ಮನಿ. ಇವ್ರು ನೀವು.”

ಮುರುಗೇಂದ್ರಯ್ಯನವರು ಕನ್ನಡಕ ಏರಿಸಿ ನೋಡಿದರು. ಮನೆ ಅವರದೇ. ಬಾಗಿಲ ಪಕ್ಕದ ಕರೆಂಟ್ ಮೀಟರ್ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈಯಿಳಿಸಿ, ತುದಿಗಾಲಲ್ಲಿ ನಿಂತಿದ್ದ ಪಟ್ಟಾಪಟ್ಟಿಚಡ್ಡಿಶೋಭಿತ ಆಕೃತಿಯೊಂದಿತ್ತು. ಅದರ ಮುಖವನ್ನು ಕ್ಯಾಮೆರಾ ಕಾರಿನ ಕಂಪನಿಯವರು ಮರ್ಯಾದೆಯಿಂದ ಮಸುಕು ಮಾಡಿದ್ದರು. ಚಡ್ಡಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಮೂರನೆಯ ಅಡ್ಡರಸ್ತೆಯಲ್ಲಿ ಜನ ಗುರುತು ಹಿಡಿಯುವುದು ಯಾವುದರಿಂದ ಎಂಬುದು ಪಾಪ ದೂರದ ಕಂಪನಿಗೆ ಹೇಗೆ ಗೊತ್ತಾಗಬೇಕು!

ಮಾನ ಹೋದದ್ದು ಅವರಿಗೆ ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು ಕೀಲಿಕೈ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ಕೀಲಿಕೈ ಮೀಟರ್ ಪೆಟ್ಟಿಗೆಯಲ್ಲಿಯೇ ಇತ್ತು. ಈಗ ಕಾಶಿಯಿಂದ ಕ್ಯಾಲಿಫೋರ್ನಿಯಾವರೆಗಿನ ಸಕಲ ಚೋರಸಮೂಹವೂ ಕೂತಲ್ಲಿಂದಲೇ ಬೆರಳಾಡಿಸಿ ಅದನ್ನು ನೋಡಬಹುದಿತ್ತು. ಮನೆಯೊಳಗೆ ಏನಿತ್ತೆಂದು ಕೇಳುವಿರೋ? ಪತ್ನಿ ನೀಲಾಂಬಿಕೆಯವರ ಚಿನ್ನದ ಅವಲಕ್ಕಿ ಸರ, ಬೆಳ್ಳಿಯ ಎರಡು ದೀಪ, ಮತ್ತು ಮದುವೆ ಮುಂಜಿಗಳಲ್ಲಿ ಬಂದು ಇನ್ನೂ ಡಬ್ಬಿ ಬಿಚ್ಚದ ನಾಲ್ಕು ಕುಕ್ಕರುಗಳು. ನಗಬೇಡಿ. ಇಲಾಖೆಯಲ್ಲಿ ಮೂವತ್ತಾರು ವರ್ಷ ಬೇರೆಯವರ ಆಸ್ತಿಯ ಕಡತ ಕಟ್ಟಿದ ಮನುಷ್ಯನಿಗೆ ತನ್ನದು ಅಂತ ಇದ್ದದ್ದು ಅದೊಂದೇ ಮನೆ. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ಮಧ್ಯಾಹ್ನದ ನಿದ್ದೆಯಲ್ಲಿ ಮೂರು ಸಲ ಎದ್ದು ಹೋಗಿ ಪೆಟ್ಟಿಗೆ ಮುಟ್ಟಿ ನೋಡಿ ಬಂದರು. ಮೂರು ಸಲವೂ ಅದೇ ಚಡ್ಡಿಯಲ್ಲಿ ಹೋದರು.

ಸಂಜೆ ಕಟ್ಟೆಯ ಮೇಲೆ ನಿಂತು, ಮಂಡಕ್ಕಿಯ ತಟ್ಟೆಯನ್ನು ಗುರಾಣಿಯಂತೆ ಎಡಗೈಯಲ್ಲಿ ಹಿಡಿದು, ವೀರನು ಗರ್ಜಿಸಿದನು:

“ಎಲವೋ ಛಾಯಾಗ್ರಾಹಕಾಧಮರೇ! ಹದಿನೇಳು ಜನ ಮೇಲಧಿಕಾರಿಗಳನ್ನು ಒಂದೊಂದು ಟಿಪ್ಪಣಿಯಿಂದ ನೆಲಕ್ಕುರುಳಿಸಿದ ಲೇಖನಿಯಿದು! ಒಮ್ಮೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರು ಮಾಡಿದೆನೆಂದರೆ, ‘ತಮ್ಮ ವಿಶ್ವಾಸಿ’ ಎನ್ನುವಷ್ಟರಲ್ಲಿ ನಿಮ್ಮ ಕಂಪನಿ ಮಣ್ಣುಮುಕ್ಕದಿದ್ದರೆ ನಾನು ಮುರುಗೇಂದ್ರಯ್ಯನೇ ಅಲ್ಲ!”

ಒಳಗಿನಿಂದ ನೀಲಾಂಬಿಕೆಯವರ ದನಿ ಬಂತು. “ಕೀಲಿಕೈ ಬ್ಯಾರೆ ಕಡಿಗೆ ಇಟ್ರ ಆತಲ್ರಿ?”

“ತತ್ವದ ಪ್ರಶ್ನೆ ಇದು! ನಿನಗೆ ತಿಳಿಯಲ್ಲ, ಸುಮ್ನಿರು!”

ಆಕೆ ಸುಮ್ಮನಾದರು. ಹೆಂಡತಿ ಸುಮ್ಮನಾದದ್ದನ್ನು ಒಪ್ಪಿಗೆಯೆಂದು ತಿಳಿದು ಕೆಟ್ಟ ವೀರರ ಪಟ್ಟಿ ದೊಡ್ಡದಿದೆ. ಅದಕ್ಕೆ ಇನ್ನೊಂದು ಹೆಸರು ಸೇರಿತು.

ವಾಸ್ತವದಲ್ಲಿ ಆ ಚಿತ್ರದ ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಂಡಿಯೊಂದಿತ್ತು. ಅದನ್ನು ಒತ್ತಿ, ನನ್ನ ಮನೆ ಮಸುಕು ಮಾಡಿ ಎಂದರೆ ಮುಗಿಯಿತು, ಅವರೇ ಮಾಡುತ್ತಾರೆ. ಹಾಲೇಶಪ್ಪ ಅದನ್ನು ತೋರಿಸಿಯೂ ಕೊಟ್ಟ. ಆದರೆ ವಿಷಯವಿಲ್ಲದ, ಉಲ್ಲೇಖವಿಲ್ಲದ, ಅಡಕಗಳಿಲ್ಲದ ಅರ್ಜಿಯೂ ಒಂದು ಅರ್ಜಿಯೇ? ಗುಂಡಿ ಒತ್ತುವುದು ಲಿಫ್ಟಿನವನ ಕೆಲಸ. ಅರ್ಜಿಶಾರ್ದೂಲರು ಮೂರು ದಿನ ಊಟ ತಿಂಡಿ ಲೆಕ್ಕಿಸದೆ, ಅಂದರೆ ಎರಡೆರಡು ಸಲ ತಿಂದು, ನಾಲ್ಕು ಪುಟಗಳ ಮನವಿಯನ್ನು ರಚಿಸಿದರು.

ಅನುಬಂಧ ಒಂದು: ಮನೆಯ ಛಾಯಾಚಿತ್ರ. ಅದರ ಮೇಲೆ ಮೀಟರ್ ಪೆಟ್ಟಿಗೆಗೆ ಕೆಂಪು ಶಾಯಿಯಲ್ಲಿ ಬಾಣ, ಬಾಣದ ಬುಡದಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ಕೀಲಿಕೈ ಇಡುವ ಸ್ಥಳ’. ಅಪಾಯ ಎಂಥದೆಂದು ಆ ದಡ್ಡರಿಗೆ ಮನವರಿಕೆಯಾಗಬೇಡವೇ! ಅನುಬಂಧ ಎರಡು: ಪ್ರತಿ ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ದಂಪತಿಗಳಿಬ್ಬರೂ ಮನೆಯಲ್ಲಿರುವುದಿಲ್ಲವೆಂಬ ವಿವರ. ಅನುಬಂಧ ಮೂರು: ಮನೆಯಲ್ಲಿರುವ ಬೆಲೆಬಾಳುವ ವಸ್ತುಗಳು, ಕೋಣೆವಾರು, ಕಪಾಟುವಾರು. ಕುಕ್ಕರುಗಳನ್ನೂ ಬಿಡಲಿಲ್ಲ, ಎಷ್ಟು ಲೀಟರಿನವೆಂದು ನಮೂದಿಸಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಗುಟ್ಟು ಕಂಪನಿಯವರೊಬ್ಬರಿಗೇ ತಿಳಿಯುತ್ತಿತ್ತು. ಆದರೆ ಮೂವತ್ತಾರು ವರ್ಷ ಸವೆಸಿದ ಬೆರಳುಗಳು ಸಹಿಯ ಕೆಳಗೆ ಬಂದ ಕೂಡಲೇ ತಾವೇ ಮುಂದುವರಿದವು. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಅಂತಾರಲ್ಲ, ಹಾಗೆ. ‘ಪ್ರತಿಯನ್ನು ಮಾಹಿತಿಗಾಗಿ ಸಲ್ಲಿಸಿದೆ’ ಎಂದು ಬರೆದು ಸಕಲ ಅಡಕಗಳ ಸಮೇತ ಹೊಂಡದ ಬಡಾವಣೆ ಕ್ಷೇಮಾಭಿವೃದ್ಧಿ ವಾಟ್ಸಾಪ್ ಗುಂಪಿಗೆ, ನಿವೃತ್ತ ನೌಕರರ ಗುಂಪಿಗೆ, ಮುಂಜಾನೆ ನಡಿಗೆಯ ಗುಂಪಿಗೆ, ಹಾಗೂ ಪ್ರೌಢಶಾಲೆಯ ಸಹಪಾಠಿಗಳ ಗುಂಪಿಗೆ ಪ್ರಯೋಗಿಸಿದರು. ಒಟ್ಟು ಆರುನೂರ ಹನ್ನೊಂದು ಫೋನುಗಳಲ್ಲಿ ಆ ಕೆಂಪು ಬಾಣ ನಾಟಿತು. ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು ತಪ್ಪು ತಿಳಿದು ಸಂತಾಪ ಸೂಚಿಸಿದರು.

ಅರ್ಜಿ ಹೋದ ಹನ್ನೆರಡನೆಯ ದಿನ, ಸೋಮವಾರ ಮುಂಜಾನೆ, ಶತ್ರುಪಕ್ಷ ಶರಣಾಯಿತು. ಮನೆ ಮಸುಕಾಗಿತ್ತು. ಎಡಕ್ಕೆ ಡಾಕ್ಟರರ ಮನೆ ಸ್ಪಷ್ಟ, ಬಲಕ್ಕೆ ಹಿಟ್ಟಿನ ಗಿರಣಿ ಸ್ಪಷ್ಟ, ನಡುವೆ ಕಲಸಿಟ್ಟ ರಾಗಿಹಿಟ್ಟಿನಂಥದೊಂದು ಮುದ್ದೆ. ವಿಜಯೋನ್ಮತ್ತರಾದ ಮುರುಗೇಂದ್ರಯ್ಯನವರು ಅದನ್ನು ಹಾಲೇಶಪ್ಪನ ಮುಖದ ಮುಂದೆ ಹಿಡಿದರು.

“ನೋಡಿದೆಯಾ? ಅರ್ಜಿ ಅಂದ್ರೆ ಇದು!”

“ಭಾರಿ ಆತ್ರಿ,” ಅಂದ ಹಾಲೇಶಪ್ಪ. “ಮೊದ್ಲು ಕಳ್ಳ ನಿಮ್ಮನಿ ಯಾವ್ದು ಅಂತ ಹುಡುಕ್ಬೇಕಾಗಿತ್ತು. ಈಗ ಮಸುಕಾಗಿರೋದಕ್ಕೆ ಹೋದ್ರಾತು.”

ಹೊಟ್ಟೆಕಿಚ್ಚು ಎಂದುಕೊಂಡು ವೀರರು ದಿಗ್ವಿಜಯಕ್ಕೆ ಹೊರಟರು. ಆಮೇಲೆ ನೀಲಾಂಬಿಕೆಯವರು ಬೀಗ ಹಾಕಿ ವಾಡಿಕೆಯಂತೆ ಮಠಕ್ಕೆ ಹೋದರು. ಅಂಚೆ ಕಚೇರಿ, ಕ್ಷೌರದಂಗಡಿ, ಉದ್ಯಾನದ ಮೂರು ಬೆಂಚುಗಳಲ್ಲಿ ವಿಜಯವಾರ್ತೆಯನ್ನು ಸಾರಿ ವೀರರು ಹನ್ನೊಂದೂವರೆಗೆ ಮರಳಿದರು. ತುದಿಗಾಲಲ್ಲಿ ನಿಂತು ಮೀಟರ್ ಪೆಟ್ಟಿಗೆಗೆ ಕೈಯಿಳಿಸಿದರು.

ಪೆಟ್ಟಿಗೆ ಖಾಲಿ.

ಆಗ ಆ ಮಹಾನುಭಾವರಿಂದ ಹೊರಟ ಆರ್ತನಾದಕ್ಕೆ ಗಿರಣಿಯೇ ಒಂದು ಕ್ಷಣ ನಿಂತಂತಾಯಿತು. “ಕಳ್ಳರು! ಅಯ್ಯೋ, ಒಳಗೆ ಕಳ್ಳರು ಹೊಕ್ಕಾರ! ನನ್ನ ಮನೆ ಹೋಯ್ತು!” ಮೊಹರುಮಾರ್ತಾಂಡರ ಕಣ್ಣಲ್ಲಿ ನೀರಿತ್ತು. ಆ ಗಳಿಗೆಯಲ್ಲಿ ಅವರನ್ನು ನೋಡಿದ್ದರೆ ಈ ಕಥೆ ಹೇಳುವವನಿಗೂ ಅಯ್ಯೋ ಪಾಪ ಅನ್ನಿಸುತ್ತಿತ್ತು. ಹಾಲೇಶಪ್ಪ ಓಡಿಬಂದ. ದಿನವೂ ಬಾಗಿಲಿಗೆ ಹೂ ಕೊಡುವ ದುರುಗಮ್ಮ ಬುಟ್ಟಿ ಇಳಿಸಿ ಓಡಿಬಂದಳು.

“ಯಾ ಕಳ್ಳನೂ ಬಂದಿಲ್ರಿ ಅಪ್ಪಾರ,” ಅಂದಳು ದುರುಗಮ್ಮ. “ಅಮ್ಮಾರು ಕೀಲಿಕೈ ಬ್ಯಾರೆ ಕಡಿಗೆ ಇಟ್ಟು ಹತ್ತು ದಿನ ಆತಲ್ರಿ.”

“ಎಲ್ಲಿ?”

ದುರುಗಮ್ಮ ಹಾಲೇಶಪ್ಪನ ಮುಖ ನೋಡಿದಳು. ಹಾಲೇಶಪ್ಪ ಆಕಾಶ ನೋಡಿದ.

“ಅವ್ರೇ ಬರ್ಲಿ ತಗೀರಿ,” ಅಂದ.

“ಹತ್ತು ದಿನದಿಂದ ದಿನಾ ಬಾಗಿಲು ತೆಗೆದೇ ಇತ್ತಲ್ಲ, ನನಗೇ ಗೊತ್ತಾಗಲಿಲ್ಲ!” ಎಂದರು ಮುರುಗೇಂದ್ರಯ್ಯನವರು.

“ಹೋದ ಸೋಮವಾರ ನೀವು ಬರೋ ಮುಂಚೇನೇ ಅಮ್ಮಾರು ಬಂದಿದ್ರಲ್ರಿ. ಹಂಗಾಗಿ,” ಅಂದಳು ದುರುಗಮ್ಮ.

ಸೂರ್ಯ ನೆತ್ತಿಗೇರುತ್ತಿದ್ದ. ತ್ರಿಲೋಕದ ಕಣ್ಣಿನಿಂದ ಮರೆಯಾದ ಆ ದುರ್ಭೇದ್ಯ ಕೋಟೆಯ ಹೊರಗೆ, ಕಟ್ಟೆಯ ಮೇಲೆ, ಅದರ ಒಡೆಯರು ಅರ್ಧ ಗಂಟೆ ಬೆವರೊರೆಸಿಕೊಳ್ಳುತ್ತ ಕುಳಿತರು. ನೀರು ಬೇಕಾದಾಗ ಹಾಲೇಶಪ್ಪ ತಂದುಕೊಟ್ಟ.

ಹನ್ನೆರಡಕ್ಕೆ ನೀಲಾಂಬಿಕೆಯವರು ಬಂದರು. ಗಂಡನನ್ನು ನೋಡಿದರು, ಪೆಟ್ಟಿಗೆಯ ತೆರೆದ ಬಾಗಿಲನ್ನು ನೋಡಿದರು. ಏನಾಗಿದೆಯೆಂದು ಯಾರೂ ಹೇಳಬೇಕಾಗಲಿಲ್ಲ.

“ಊರಿಗೆಲ್ಲ ಹೇಳಿದೀಯ, ನನಗ್ಯಾಕೆ ಹೇಳಲಿಲ್ಲ?” ಎಂದರು ಮುರುಗೇಂದ್ರಯ್ಯನವರು. ದನಿಯಲ್ಲಿ ಗರ್ಜನೆ ಉಳಿದಿರಲಿಲ್ಲ.

“ಊರಿಗಲ್ರಿ, ಇವರಿಬ್ರಿಗೆ ಅಷ್ಟ. ನಿಮಗ ಹೇಳಿದ್ರ ಗುಂಪಿಗೆಲ್ಲ ಪ್ರತಿ ಹಾಕ್ತೀರಿ,” ಅಂದರು ಆಕೆ, ಸಿಟ್ಟಿಲ್ಲದೆ. “ಈಗ ಕೀಲಿಕೈ ತಗೀತೀನಿ, ಸ್ವಲ್ಪ ರೋಡಿನ ಕಡಿಗೆ ಮುಖ ಮಾಡ್ರಿ.”

ಹಾಲೇಶಪ್ಪನಿಗೆ ಯಾರೂ ತಿರುಗು ಎನ್ನಲಿಲ್ಲ. ದುರುಗಮ್ಮನಿಗೂ ಎನ್ನಲಿಲ್ಲ. ಮುರುಗೇಂದ್ರಯ್ಯನವರು ರಸ್ತೆಯ ಕಡೆಗೆ ತಿರುಗಿ ನಿಂತರು.